ಎರಡು ಸೀಟಿನ ಕಾರಿಗೆ ಏಳು ಜನರ ಸಲಹೆ

ಸಲಹೆ ಕೇಳುವುದಕ್ಕೂ ಅಂಕಪಟ್ಟಿಯ ಜೆರಾಕ್ಸಿಗೆ ಗೆಜೆಟೆಡ್ ಅಧಿಕಾರಿಯ ರುಜು ಹಾಕಿಸುವುದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಂಡಿಲ್ಲ. ಪರೀಕ್ಷೆ ಮುಗಿದಿರುತ್ತದೆ, ನಂಬರು ಬಂದಿರುತ್ತದೆ, ಎದುರಿಗೆ ನಿಂತವನಿಗೆ ಬೇಕಾಗಿರುವುದು ನಮ್ಮ ಹಸಿರು ಮಸಿ ಮಾತ್ರ. ಆದರೂ ನಾವು ಕನ್ನಡಕ ಏರಿಸಿ, ಮೂಲಪ್ರತಿ ಎಲ್ಲಿ ಎಂದು ಗದರಿ, ಗಂಟಲು ಸರಿಮಾಡಿಕೊಂಡು ರುಜು ಹಾಕುತ್ತೇವೆ. ಅದೂ ಒಂದು ಸುಖ.

2023ರ ಜೂನ್ ತಿಂಗಳ ಒಂದು ಭಾನುವಾರ ನನ್ನ ತಂಗಿಯ ಮಗ ಇಂಥದೇ ರುಜುವಿಗಾಗಿ ನಮ್ಮ ಮನೆಗೆ ಬಂದ. ಮೈಸೂರಿನದೇ ಹೆಬ್ಬಾಳದ ಕಡೆ ಸಾಫ್ಟ್‌ವೇರ್ ಕೆಲಸ, ಮದುವೆಯಾಗಿ ಮೂರು ವರ್ಷದ ಮಗು, ಮನೆ ಮುಂದೆ ಆಗಲೇ ಒಂದು ಮಾರುತಿ. ಕಾಫಿ ಲೋಟ ಕೈಗೆ ಬರುವ ಮೊದಲೇ ಮೊಬೈಲು ನನ್ನ ಮುಖಕ್ಕೆ ಹಿಡಿದ.

‘ಮಾವ, ಎರಡು ಗಾಡಿ ನೋಡಿದೀನಿ. ಸೆಕೆಂಡ್ ಹ್ಯಾಂಡು. ಸ್ಪೋರ್ಟ್ಸ್ ಕಾರು. ಯಾವುದು ತಗೊಳ್ಳಲಿ, ನೀವೇ ಹೇಳಿ.’

ಒಂದು ಕೆಂಪಗಿತ್ತು, ಇನ್ನೊಂದು ಹಳದಿ. ಎರಡಕ್ಕೂ ಬಾಗಿಲು ಎರಡೇ, ಸೀಟೂ ಎರಡೇ. ನೆಲಕ್ಕೆ ಎಷ್ಟು ಹತ್ತಿರ ಇದ್ದವೆಂದರೆ ಹೊಸ್ತಿಲಿಗೆ ಅರಿಶಿನ ಹಚ್ಚುವವರು ಏಳದೆಯೇ ಟಾಪಿಗೂ ಹಚ್ಚಿಬಿಡಬಹುದು ಅನ್ನಿಸಿತು. ನಾನು ಕನ್ನಡಕ ಏರಿಸಿದೆ.

‘ಹಿಂದಿನ ಸೀಟು ಎಲ್ಲೋ?’

‘ಇಲ್ಲ ಮಾವ. ಸ್ಪೋರ್ಟ್ಸ್ ಕಾರಿಗೆ ಇರಲ್ಲ.’

‘ಮತ್ತೆ ನಿಮ್ಮಪ್ಪ, ನಿಮ್ಮಮ್ಮ, ಮಗು?’

‘ಅವರಿಗೆ ಮಾರುತಿ ಇದೆಯಲ್ಲ.’

ಆ ಹೊತ್ತಿಗೆ ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ನನ್ನ ತಾಯಿ, ಅಂದರೆ ಅವನ ಅಜ್ಜಿ, ಎಂಬತ್ತೆರಡು ವರ್ಷ, ಕಿವಿ ಮಾತ್ರ ಇಪ್ಪತ್ತೆರಡು, ತಲೆಯೆತ್ತದೆ ಕೇಳಿದರು: ‘ಏನಂತೆ, ಅರ್ಧ ಕಾರು ತಗೊಳ್ತಾನಂತಾ?’

ಅಲ್ಲಿಗೆ ಗುಟ್ಟು ಮುಗಿಯಿತು. ಮೈಸೂರಿನ ನಮ್ಮ ಹೂಟಗಳ್ಳಿಯಲ್ಲಿ ಗಾಡಿಯ ವಿಷಯ ಗುಟ್ಟಾಗಿಡುವುದು ಎಂದರೆ ಹಲಸಿನಹಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸಿಟಿ ಬಸ್ಸು ಹತ್ತಿದ ಹಾಗೆ. ನಮ್ಮ ಊರಿನ ಹೆಸರು ಕೇಳಿದರೆ ನೇಗಿಲು, ಹೂಟೆ ನೆನಪಾಗಬೇಕು. ಈಗ ನೆನಪಾಗುವುದು ಹುಣಸೂರು ರಸ್ತೆಯ ಕಾರ್ಖಾನೆಗಳ ಸಾಲು. ಲಾರಿಗೆ ಆಕ್ಸಲ್ ಮಾಡುವ ಆಟೊಮೋಟಿವ್ ಆಕ್ಸಲ್ಸ್ ಇಲ್ಲೇ. ಡಂಪರು ಮಾಡುವ ಬಿಇಎಂಎಲ್ ಮುಂದೆ ಬೆಳವಾಡಿಯ ಕಡೆ. ಒಂದು ಕಾಲದ ವಿಕ್ರಾಂತ್ ಟೈರು ಕೆಆರ್‌ಎಸ್ ರಸ್ತೆಯಲ್ಲಿ. ಊರೊಳಗೆ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ. ಹೀಗಾಗಿ ನಮ್ಮ ಕೆಎಚ್‌ಬಿ ಕಾಲೋನಿಯಲ್ಲಿ ಒಬ್ಬರು ಗೇರು ಕೊರೆದವರು, ಒಬ್ಬರು ರಬ್ಬರು ಕಾಸಿದವರು, ಒಬ್ಬರು ಚಾಸಿಗೆ ವೆಲ್ಡಿಂಗ್ ಮಾಡಿದವರು. ಒಂದು ಅಡ್ಡರಸ್ತೆಯ ಪಿಂಚಣಿದಾರರನ್ನೆಲ್ಲ ಒಂದು ಕಡೆ ಕೂರಿಸಿದರೆ ಸಂಜೆಯೊಳಗೆ ಒಂದು ಕಾರು ಜೋಡಿಸಿಯಾರು. ಬಣ್ಣ ಯಾವುದು ಎಂಬ ಜಗಳ ಮುಗಿಯಲು ಇನ್ನೊಂದು ವರ್ಷ ಬೇಕು. ನಾನೂ ಮೂವತ್ತು ವರ್ಷ ಒಂದು ಕಾರ್ಖಾನೆಯಲ್ಲಿ ಗೇರು ಕೊರೆದೇ ನಿವೃತ್ತನಾದವನು. ನನ್ನ ಸಲಹೆಗೆ ತೂಕವಿದೆ ಎಂದು ನಾನಂತೂ ನಂಬಿದ್ದೇನೆ.

ಈಗ ಅಭ್ಯರ್ಥಿಗಳ ಪರಿಚಯ.

ಕೆಂಪನೆಯದು ಬೆಂಜ್, ಎಸ್‌ಎಲ್‌ಕೆ 200. ಹೆಸರಿನ ಮೂರು ಅಕ್ಷರಕ್ಕೆ ಜರ್ಮನ್ ಭಾಷೆಯಲ್ಲಿ ಚುರುಕು, ಹಗುರ, ಗಿಡ್ಡ ಎಂದು ಅರ್ಥವಂತೆ. ನಮ್ಮ ಸೋದರಮಾವನೊಬ್ಬ ಹಾಗೇ ಇದ್ದ. ಅವನನ್ನು ನಂಬಿ ಯಾರೂ ಸಾಲ ಕೊಡುತ್ತಿರಲಿಲ್ಲ. ಎಂಜಿನ್ನು 1796 ಸಿಸಿ, 163 ಕುದುರೆಯ ಶಕ್ತಿ. ಟಾಪು ತಗಡಿನದು. ಗುಂಡಿ ಒತ್ತಿದರೆ 22 ಸೆಕೆಂಡಿನಲ್ಲಿ ತಾನೇ ಮಡಚಿಕೊಂಡು ಡಿಕ್ಕಿಯೊಳಗೆ ಹೋಗಿ ಮಲಗುತ್ತದೆ. ಸುಮಾರು ಹದಿನಾಲ್ಕು ವರ್ಷದ ಗಾಡಿ, ದೆಹಲಿಯ ನಂಬರು. ದೆಹಲಿಯ ಬೆಂಜು ಹೂಟಗಳ್ಳಿಗೆ ಯಾಕೆ ಬರಬೇಕು ಎಂದು ಕೇಳಿದರೆ ಅದಕ್ಕೊಂದು ಕಥೆಯಿದೆ. 2015ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶ, ಅದರ ಮೇಲೆ 2018ರಲ್ಲಿ ಸುಪ್ರೀಂ ಕೋರ್ಟಿನ ಮುದ್ರೆ: ಅಲ್ಲಿ ಡೀಸೆಲ್ ಗಾಡಿಗೆ ಹತ್ತು, ಪೆಟ್ರೋಲ್ ಗಾಡಿಗೆ ಹದಿನೈದು ವರ್ಷ ತುಂಬಿದರೆ ಆಗ ರಸ್ತೆಗಿಳಿಯುವ ಹಾಗಿರಲಿಲ್ಲ. ಹಾಗಾಗಿ ಅಲ್ಲಿನ ಸಿರಿವಂತರ ಗಾಡಿಗಳು ವಯಸ್ಸು ಮೀರುವ ಮೊದಲೇ ದಕ್ಷಿಣಕ್ಕೆ ವಲಸೆ ಬರುತ್ತಿದ್ದವು, ಚಳಿಗಾಲದಲ್ಲಿ ರಂಗನತಿಟ್ಟಿಗೆ ಹಕ್ಕಿ ಬಂದ ಹಾಗೆ. ಹಕ್ಕಿಗೆ ಎನ್‌ಒಸಿ ಬೇಕಿಲ್ಲ, ಗಾಡಿಗೆ ಬೇಕು. ಮೇಲೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸು. ಇಪ್ಪತ್ತು ಲಕ್ಷ ದಾಟಿದ ಹೊಸ ಕಾರಿಗೆ ನಮ್ಮಲ್ಲಿ ಶೇಕಡಾ 18. ಹಳೆಯ ಗಾಡಿಗೆ ವಯಸ್ಸು ನೋಡಿ ಇಳಿಸುತ್ತಾರೆ ಅನ್ನಿ; ಬೆಂಜಿಗೆ ಇಳಿಸಿದ್ದೂ ನಮ್ಮಂಥವರಿಗೆ ಏರಿಸಿದ ಹಾಗೇ ಇರುತ್ತದೆ.

ಹಳದಿಯದು ಸ್ಯಾನ್ ಸ್ಟಾರ್ಮ್. ಈ ಹೆಸರು ಕೇಳಿದ ಕೂಡಲೇ ನನ್ನ ಮೈಮೇಲೆ ನವಿರೆದ್ದಿತು. ಬೆಂಗಳೂರಿನಲ್ಲಿ ಶಂಟಿಂಗಿನ ರೈಲು ಎಂಜಿನ್ನು ಮಾಡುವ ಸ್ಯಾನ್ ಬಳಗ 1990ರ ದಶಕದ ಕೊನೆಗೆ ‘ನಾವೂ ಒಂದು ಸ್ಪೋರ್ಟ್ಸ್ ಕಾರು ಬಿಡ್ತೀವಿ’ ಎಂದು ಬಿಟ್ಟ ಗಾಡಿ. ಫೈಬರ್ ಮೈ, ಮಡಚುವ ಕ್ಯಾನ್ವಾಸಿನ ಟಾಪು, ರೆನೋದ 1149 ಸಿಸಿ ಎಂಜಿನ್ನು, ಅರವತ್ತರ ಆಸುಪಾಸು ಕುದುರೆ. ಬಹಳ ಮಂದಿ ನೋಡಿಲ್ಲ, ನೋಡಿದವರು ಮರೆತಿಲ್ಲ.

ಕರ್ನಾಟಕದ ನೆಲಕ್ಕೆ ಇಂಥ ಹುಚ್ಚು ಹೊಸದೇನಲ್ಲ. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಬಾದಲ್ ಎಂಬ ಮೂರು ಚಕ್ರದ ಕಾರು ಹುಟ್ಟಿತು. 1980ರ ದಶಕದಲ್ಲಿ ಸಿಪಾನಿಯವರ ಡಾಲ್ಫಿನ್ ಬಂತು: ಫೈಬರ್ ಮೈ, ಎರಡೇ ಬಾಗಿಲು; ಮನೆಮಂದಿ ಕೊಳ್ಳಲು ಹಿಂಜರಿದರು, ಶೋಳಾವರಂ ರೇಸಿನವರು ಎತ್ತಿಕೊಂಡು ಕುಣಿದರು. 2001ರಲ್ಲಿ ರೇವಾ ಎಂಬ ಕರೆಂಟಿನ ಕಾರು. ಮೂರರಲ್ಲೂ ಒಂದು ಸಾಮ್ಯ ಇದೆ: ಕಂಡವರೆಲ್ಲ ನಿಂತು ನೋಡಿದರು, ನೋಡಿದವರು ಮನೆಗೆ ಹೋಗಿ ಮಾರುತಿ ಬುಕ್ ಮಾಡಿದರು. ಆ ಪಾಪದಲ್ಲಿ ನನಗೂ ಪಾಲಿದೆ. ಹಾಗಾಗಿ ಸ್ಟಾರ್ಮಿನ ಋಣ ನನ್ನ ಮೇಲೆ ಸ್ವಲ್ಪ ಇತ್ತು, ಅದನ್ನು ಹುಡುಗನ ದುಡ್ಡಿನಲ್ಲಿ ತೀರಿಸುವುದು ಸುಲಭ ಅನ್ನಿಸಿತು.

‘ಹಳದಿ ತಗೊ’ ಎಂದೆ.

ಅವನ ಮುಖ ಸಪ್ಪಗಾಯಿತು. ಅವನು ಬಂದದ್ದು ಕೆಂಪಿಗೆ ರುಜು ಹಾಕಿಸಿಕೊಳ್ಳಲು. ‘ಸರಿ ಮಾವ, ಇನ್ನೊಬ್ಬರನ್ನೂ ಕೇಳ್ತೀನಿ’ ಎಂದ. ಒಂದು ಕಡೆ ರುಜು ಸಿಗದಿದ್ದರೆ ಬೇರೆ ಗೆಜೆಟೆಡ್ ಅಧಿಕಾರಿ.

ಆ ವಾರ ಅವನು ಕೇಳಿದವರ ಪಟ್ಟಿ ದೊಡ್ಡದು. ಮೊದಲನೆಯದು ಅವನ ತಾಯಿ, ನನ್ನ ತಂಗಿ. ಅವಳು ತರಕಾರಿ ಹೆಚ್ಚುತ್ತಲೇ ತೀರ್ಪು ಕೊಟ್ಟಳು: ‘ಸರ್ಕಾರ ಹೆಂಗಸರಿಗೆ ಬಸ್ಸು ಫ್ರೀ ಮಾಡಿದೆ. ಎಲ್ಲಿಗೆ ಬೇಕಾದರೂ ಹೋಗಿ ಬರ್ತೀನಿ. ನಿನ್ನ ಎರಡೂ ಕಾರು ನನಗೆ ದುಬಾರಿ.’ ಶಕ್ತಿ ಯೋಜನೆ ಶುರುವಾದದ್ದು ಜೂನ್ 11ಕ್ಕೆ. ಅವಳು ಅದೇ ವಾರದಲ್ಲಿ ಧರ್ಮಸ್ಥಳಕ್ಕೆ ಹೋಗಿ ಬಂದಿದ್ದಳು, ಬಿಸಿಬಿಸಿ ಉತ್ಸಾಹ. ಎರಡನೆಯವರು ಭಾವ, ಅವನ ಅಪ್ಪ. ಅವರು ಎಲ್ಲ ಗಾಡಿಗೂ ಕೇಳುವುದು ಒಂದೇ ಪ್ರಶ್ನೆ: ‘ಮೈಲೇಜೆಷ್ಟು?’ ವಿಮಾನ ಹತ್ತಿದಾಗಲೂ ಗಗನಸಖಿಯನ್ನು ಅದನ್ನೇ ಕೇಳಿದವರು. ಮೂರನೆಯದು ಹೆಂಡತಿ. ಆ ಹುಡುಗಿ ಜಾಣೆ. ‘ನಿಮಗೆ ಯಾವುದು ಇಷ್ಟವೋ ಅದು’ ಎಂದು ಹೇಳಿ, ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿ, ‘ಇವನ ಸೀಟು ಯಾವ ಕಾರಿನಲ್ಲಿ ಹಿಡಿಸುತ್ತೆ ನೋಡಿ’ ಎಂದಳು. ಎರಡರಲ್ಲೂ ಹಿಡಿಸುತ್ತದೆ, ಹಿಡಿಸಿದರೆ ಅವಳಿಗೆ ಜಾಗವಿಲ್ಲ.

ನಾಲ್ಕನೆಯವರು ಎದುರುಮನೆಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಅವರು ಎದ್ದು ಒಳಗೆ ಹೋಗಿ ಅಳತೆಯ ಟೇಪು ತಂದರು.

‘ಎಂಜಿನ್ನು, ಕುದುರೆ ಎಲ್ಲ ಆಮೇಲೆ. ಮೊದಲು ನಮ್ಮ ಹಂಪು ನೋಡು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಹಂಪಿನ ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು. ಅಂದರೆ ಗಾಡಿ ಅಲೆಯ ಮೇಲೆ ದೋಣಿ ಹೋದ ಹಾಗೆ ಹತ್ತಿ ಇಳೀಬೇಕು. ನಮ್ಮ ಬೀದಿಯದು?’

ನಮ್ಮ ಬೀದಿಯದನ್ನು ಯಾರು ಹಾಕಿದ್ದು ಎನ್ನುವುದು ಇವತ್ತಿಗೂ ಬಗೆಹರಿದಿಲ್ಲ. ರಾತ್ರಿ ಮಲಗುವಾಗ ಇರಲಿಲ್ಲ, ಬೆಳಿಗ್ಗೆ ಹಾಲು ತರಲು ಹೋದಾಗ ಇತ್ತು. ಅಗಲ ಒಂದು ಮೊಳ. ಎತ್ತರ, ಮೇಷ್ಟ್ರು ಬಗ್ಗಿ ಅಳೆದ ಪ್ರಕಾರ, ಶಾಸ್ತ್ರಕ್ಕಿಂತ ಮೂರು ಬೆರಳು ಜಾಸ್ತಿ. ಸಿಪ್ಪೆ ಸುಲಿಯದ ತೆಂಗಿನಕಾಯನ್ನು ಉದ್ದಕ್ಕೆ ಸೀಳಿ ಕವುಚಿ ಹಾಕಿದ ಹಾಗೆ. ಕಾಲೋನಿಯಿಂದ ಹುಣಸೂರು ರಸ್ತೆಗೆ ಸೇರುವಷ್ಟರಲ್ಲಿ ಇಂಥ ಆರು. ‘ಸ್ಪೋರ್ಟ್ಸ್ ಕಾರಿನ ಹೊಟ್ಟೆಗೂ ನೆಲಕ್ಕೂ ಎಷ್ಟು ಅಂತರ ಇರುತ್ತೆ? ಆರು ಹಂಪು, ಹೋಗಿ ಬರೋಕೆ ಹನ್ನೆರಡು ಉಜ್ಜು. ವರ್ಷಕ್ಕೆ ನೀನೇ ಗುಣಿಸಿಕೊ’ ಎಂದು ಮೇಷ್ಟ್ರು ಟೇಪನ್ನು ಟಪ್ಪೆಂದು ಸುತ್ತಿದರು.

ಐದನೆಯವರು ನಮ್ಮ ಮೆಕ್ಯಾನಿಕ್. ಸಿಗ್ನಲಿನ ಹಿಂದೆ ತಗಡಿನ ಶೆಡ್ಡು, ಟಿಂಕರಿಂಗು, ಪೇಂಟಿಂಗು, ಎಂಜಿನ್ ಕೆಲಸ ಎಲ್ಲ ಒಂದೇ ಕಡೆ. ನನ್ನ ಯೆಜ್ಡಿ ರೋಡ್‌ಕಿಂಗನ್ನು ಇಪ್ಪತ್ತು ವರ್ಷದಿಂದ ಬದುಕಿಸಿಟ್ಟ ವೈದ್ಯ. ಎರಡೂ ಫೋಟೊ ನೋಡಿ, ಕೈಗೆ ಹತ್ತಿದ ಗ್ರೀಸನ್ನು ಬನಿಯನ್ನಿಗೆ ಒರೆಸಿಕೊಂಡು, ಒಂದೇ ವಾಕ್ಯದಲ್ಲಿ ವೇದಾಂತ ಹೇಳಿಬಿಟ್ಟ:

‘ಅಣ್ಣಾ, ಬೆಂಜಿಗೆ ಪಾರ್ಟು ಸಿಗುತ್ತೆ, ದುಡ್ಡು ಸಿಗಲ್ಲ. ಇದಕ್ಕೆ ದುಡ್ಡು ಸಿಗುತ್ತೆ, ಪಾರ್ಟು ಸಿಗಲ್ಲ.’

ಇದಾದ ಮೇಲೆ ಯಾವ ಮಾತೂ ಬೇಕಿರಲಿಲ್ಲ. ಆದರೆ ಹುಡುಗನಿಗೆ ವೇದಾಂತ ಬೇಕಿರಲಿಲ್ಲ, ರುಜು ಬೇಕಿತ್ತು. ‘ಹಾಗಾದ್ರೆ ಎರಡನ್ನೂ ತರಿಸಿ ನೋಡೋಣ’ ಎಂದ.

ನೋಡುವುದು ಎಂದಾಗ ನನಗೆ ನನ್ನ ತಂದೆಯ ಕಾಲ ನೆನಪಾಯಿತು. ಅವರೂ ಹಳೆಯ ಗಾಡಿಯ ಗಿರಾಕಿಯೇ; ಎಂಜಿನ್ನಿನ ಕಡೆಗೆ ಮಾತ್ರ ಎರಡು ಕೊಂಬು ಇರುತ್ತಿದ್ದವು. ಚುಂಚನಕಟ್ಟೆ ಜಾತ್ರೆಗೆ ಹೋಗಿ ಹಳ್ಳಿಕಾರ್ ಎತ್ತುಗಳ ಬಾಯಿ ಬಿಡಿಸಿ ಹಲ್ಲು ಎಣಿಸುವರು: ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯ್ಗೂಡಿದ್ದು. ಎತ್ತಿನ ಹಲ್ಲು ಸುಳ್ಳು ಹೇಳುವುದಿಲ್ಲ. ಕಾರಿನ ಮೀಟರು ಹೇಳುತ್ತದೆ. ಅದನ್ನು ಹಿಂದಕ್ಕೆ ತಿರುಗಿಸುವ ಕಲಾವಿದರಿದ್ದಾರೆ. ತಂದೆ ಸುಳಿಯನ್ನೂ ನೋಡುವರು, ನಡೆಸಿ ನೋಡುವರು, ಕೊನೆಗೆ ಟವೆಲಿನ ಕೆಳಗೆ ಕೈಯಿಟ್ಟು ಬೆರಳು ಒತ್ತಿ ಬೆಲೆ ಆಡುವರು. ಪಕ್ಕದಲ್ಲಿ ನಿಂತವನಿಗೂ ಎಷ್ಟಕ್ಕೆ ಕುದುರಿತು ಎಂದು ಗೊತ್ತಾಗದು. ಈಗ ಟವೆಲಿಲ್ಲ, ಬ್ರೋಕರು ಬೆಲೆಯನ್ನು ಕೂಗಿಯೇ ಹೇಳುತ್ತಾನೆ. ಗುಟ್ಟಾಗಿರುವುದು ಗಾಡಿಗೆ ಎಷ್ಟು ಸಲ ಟಚಪ್ ಆಗಿದೆ ಎನ್ನುವುದು. ಬ್ರೋಕರುಗಳ ಕನ್ನಡಕ್ಕೆ ಒಂದು ನಿಘಂಟು ಬೇಕು. ‘ಸಿಂಗಲ್ ಓನರ್’ ಅಂದರೆ ಮಿಕ್ಕ ಇಬ್ಬರು ಆರ್‌ಸಿಯಲ್ಲಿ ಹೆಸರು ಹಾಕಿಸಿಕೊಂಡಿಲ್ಲ. ‘ಡಾಕ್ಟರು ಓಡಿಸಿದ ಗಾಡಿ’ ಅಂದರೆ ಡಾಕ್ಟರ ಮಗ ಓಡಿಸಿದ್ದು. ‘ಎಂಜಿನ್ ಬಿಚ್ಚೇ ಇಲ್ಲ’ ಅಂದರೆ ನೀವು ಬಿಚ್ಚಿಸಬೇಕು.

ಮೊದಲು ಬಂದದ್ದು ಬೆಂಜು. ಬೀದಿ ಪೂರ್ತಿ ಹೊರಗೆ ಬಂತು. ಟಾಪು ತೆಗೆಯುವ ಪ್ರದರ್ಶನವಾಯಿತು. ಮೇಷ್ಟ್ರು ಗಡಿಯಾರ ನೋಡಿ ಎಣಿಸಿದರು, ಮಕ್ಕಳು ಜೊತೆಗೆ ಕೂಗಿದರು: ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು! ಚಪ್ಪಾಳೆ. ತಂಗಿ ಮಾತ್ರ ಹಿಂದೆ ಹೋಗಿ ಡಿಕ್ಕಿ ನೋಡಿದಳು.

‘ಟಾಪು ಇಲ್ಲಿ ಬಂದು ಕೂತರೆ ತರಕಾರಿ ಚೀಲ ಎಲ್ಲಿಡೋದು?’

‘ಟಾಪು ಹಾಕ್ಕೊಂಡ್ರೆ ಡಿಕ್ಕಿ ಸಿಗುತ್ತಮ್ಮ.’

‘ಅಂದ್ರೆ ಗಾಳಿ ಬೇಕಾದರೆ ಚೀಲ ಇಲ್ಲ, ಚೀಲ ಬೇಕಾದರೆ ಗಾಳಿ ಇಲ್ಲ. ಇದಕ್ಕೆ ಬೆಂಜು ಯಾಕೋ, ನಿಮ್ಮಪ್ಪನ ಸ್ಕೂಟರೂ ಹಾಗೇ ಇತ್ತು.’

ಬ್ರೋಕರು ಇನ್ನೊಂದು ಬಾಣ ಬಿಟ್ಟ. ಟಾಪು ತೆಗೆದು ಹೋಗುವಾಗ ಚಳಿಯಾದರೆ ಸೀಟಿನ ತಲೆಯ ಹತ್ತಿರದಿಂದ ಕತ್ತಿಗೆ ಬಿಸಿಗಾಳಿ ಊದುವ ಯಂತ್ರವನ್ನು ಜರ್ಮನಿಯವರು ಈ ಮಾದರಿಯಲ್ಲೇ ಮೊದಲು ತಂದರಂತೆ. ಗಾಳಿಯ ಶಾಲು ಎಂದೇ ಅದಕ್ಕೆ ಹೆಸರಂತೆ. ಭಾವ ಕತ್ತು ಸವರಿಕೊಂಡರು. ದೀಪಾವಳಿಗೆ ಸುತ್ತಿದ ಮಫ್ಲರನ್ನು ಶಿವರಾತ್ರಿಗೆ ಬಿಚ್ಚುವ ಮೈಸೂರಿಗರ ಪೈಕಿ ಅವರು. ‘ಅದಕ್ಕೂ ಪೆಟ್ರೋಲೇ ತಾನೇ?’ ಎಂದರು. ‘ನೂರು ರೂಪಾಯಿ ಮಫ್ಲರಿಗೆ ಮೈಲೇಜ್ ತೊಂದರೆ ಇಲ್ಲ.’

ಹುಡುಗ ಕೊನೆಯ ಅಸ್ತ್ರ ತೆಗೆದ. ‘ಮಾವ, ಹೊಸ ಎಕ್ಸ್‌ಪ್ರೆಸ್‌ವೇ ಆಗಿದೆ. ಮಾರ್ಚ್ 12ಕ್ಕೆ ಉದ್ಘಾಟನೆ ಆಯ್ತು. ಬೆಂಗಳೂರಿಗೆ 118 ಕಿಲೋಮೀಟರು. ಈ ಗಾಡಿ ಇನ್ನೂರು ದಾಟುತ್ತೆ.’

‘ಗಾಡಿ ದಾಟುತ್ತೆ ಕಣೋ, ಬೋರ್ಡು ದಾಟಬೇಕಲ್ಲ? ಅಲ್ಲಿ ನೂರೇ ಮಿತಿ. ನೂರನ್ನು ನಮ್ಮ ಮಾರುತಿಯೂ ಮುಟ್ಟುತ್ತೆ, ಸ್ವಲ್ಪ ನಡುಗುತ್ತೆ ಅಷ್ಟೆ. ಮೇಲಾಗಿ ಎಕ್ಸ್‌ಪ್ರೆಸ್‌ವೇ ಊರಿನ ಆ ಕಡೆ. ಸಂಜೆ ಆರು ಗಂಟೆಗೆ, ಶಿಫ್ಟು ಬಿಡೋ ಹೊತ್ತಲ್ಲಿ, ಹಿನಕಲ್ ದಾಟಿ ತೋರಿಸು ನೋಡೋಣ. 163 ಕುದುರೆ ಅಂತೀಯಲ್ಲ, ಅವೆಲ್ಲ ಕಂಪನಿ ಬಸ್ಸಿನ ಹಿಂದೆ ನಿಂತು ಹುಲ್ಲು ಮೇಯ್ತಿರುತ್ತವೆ.’

ಅಜ್ಜಿ ಜಗಲಿಯಿಂದ ಮೆಲ್ಲಗೆ ಸೇರಿಸಿದರು: ‘ಟಾಂಗಾಕ್ಕೆ ಇದ್ದದ್ದು ಒಂದೇ ಕುದುರೆ. ದೇವರಾಜ ಮಾರ್ಕೆಟ್ಟಿಗೆ ಹೋಗಿ ಬರೋಕೆ ಸಾಕಾಗ್ತಿತ್ತು.’

ಬೆಂಜು ಹೊರಟಿತು. ಮೊದಲನೇ ಹಂಪಿನ ಮೇಲೆ ‘ಕರ್’ ಎಂಬ ಸದ್ದು ಕೇಳಿ ಬೀದಿಯೆಲ್ಲ ಒಟ್ಟಿಗೆ ಕಣ್ಣು ಮುಚ್ಚಿಕೊಂಡಿತು, ಮಗು ಬಿದ್ದಾಗ ಮುಚ್ಚುವ ಹಾಗೆ. ಮೇಷ್ಟ್ರು ಮಾತ್ರ ತೆರೆದ ಕಣ್ಣಿನಲ್ಲಿ ‘ಒಂದು’ ಎಂದರು.

ಮುಂದಿನ ಭಾನುವಾರ ಹಳದಿ ಸ್ಟಾರ್ಮ್ ಬಂತು. ಬೆಂಗಳೂರಿನಿಂದ ಮಾಲೀಕರೇ ಓಡಿಸಿಕೊಂಡು ಬಂದಿದ್ದರು. ನಡು ವಯಸ್ಸು, ಮೆತ್ತಗಿನ ಮಾತು. ಮಗಳನ್ನು ಹಾಸ್ಟೆಲಿಗೆ ಬಿಡಲು ಬಂದವರ ಮುಖ. ಟಾಪು ತೆಗೆಯಲು ಗುಂಡಿ ಇರಲಿಲ್ಲ. ಇಳಿದು, ಕೊಕ್ಕೆ ಬಿಡಿಸಿ, ಕ್ಯಾನ್ವಾಸು ಮಡಚಬೇಕು. ಮೇಷ್ಟ್ರು ಎಣಿಸಲು ಶುರುಮಾಡಿ ನೂರರ ಹತ್ತಿರ ಬಂದಾಗ ಬಿಟ್ಟರು. ಕಾಗದಪತ್ರ ನೋಡಿದೆವು. ಗಾಡಿಗೆ ಇಪ್ಪತ್ತು ದಾಟಿದೆ. ಹದಿನೈದಾದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. ಆ ಶುಲ್ಕ ಮೊದಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಕಟ್ಟಿಸಿದ್ದರು. ನಮ್ಮ ಮೆಕ್ಯಾನಿಕ್ ಬೋನೆಟ್ಟು ಎತ್ತಿ, ಒಳಗೆ ತಲೆಯಿಟ್ಟು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೊರಗೆ ಬಂದು, ‘ಎಲ್ಲ ಕಣ್ಣಿಗೆ ಕಾಣುತ್ತೆ ಅಣ್ಣಾ’ ಎಂದ. ಮೆಕ್ಯಾನಿಕ್ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಬೆಂಜಿನ ಬೋನೆಟ್ಟು ಎತ್ತಿದರೆ ಮೊದಲು ಕಂಡದ್ದು ಮುಚ್ಚಳ, ಅದರ ಕೆಳಗೆ ಇನ್ನೊಂದು ಮುಚ್ಚಳ.

ಅಜ್ಜಿ ಜಗಲಿಯಿಂದ ಎದ್ದು ಬಂದು ಮಡಚಿದ ಕ್ಯಾನ್ವಾಸು ಮುಟ್ಟಿ ನೋಡಿದರು. ‘ಇದು ನಮ್ಮ ಸಾರೋಟು ಗಾಡಿ ಟಾಪಲ್ವೇನೋ?’ ಎಂದರು. ಮೈಸೂರಿನ ಸಾರೋಟಿನ ಟಾಪೂ ಹೀಗೇ ಹಿಂದಕ್ಕೆ ಮಡಚುತ್ತದೆ. ಎಂಬತ್ತೆರಡು ವರ್ಷದವರು ಗುರುತು ಹಿಡಿದರು, ಸಾಫ್ಟ್‌ವೇರಿನವನಿಗೆ ಹೊಳೆದಿರಲಿಲ್ಲ.

ಆದರೆ ಹುಡುಗನ ಮನಸ್ಸು ಕೆಂಪಿನ ಮೇಲೇ ಇತ್ತು. ಅಡ್ವಾನ್ಸ್ ಕೊಡಲು ಹೊರಟ. ಆಗ ಅಜ್ಜಿ ಪಂಚಾಂಗ ತೆಗೆದರು. ಆರನೆಯ ಸಲಹೆ.

‘ನಾಳೆಯಿಂದ ಆಷಾಢ. ಗಾಡಿ ತಗೊಳ್ತಾರೇನೋ?’

‘ಅಜ್ಜಿ, ಇದು ಹೊಸ ಗಾಡಿ ಅಲ್ಲ. ಮೊದಲನೇ ಓನರ್ ಆಗಲೇ ಪೂಜೆ ಮಾಡಿಸಿರ್ತಾರೆ.’

‘ಅವರು ಮಾಡಿದ್ದು ಅವರ ಪುಣ್ಯಕ್ಕೆ.’

ಬೇರೆ ವರ್ಷವಾದರೆ ಒಂದು ತಿಂಗಳಲ್ಲಿ ಮುಗಿಯುತ್ತಿತ್ತು. 2023ರಲ್ಲಿ ಹಾಗಾಗಲಿಲ್ಲ. ಜುಲೈ 17ಕ್ಕೆ ಆಷಾಢದ ಅಮಾವಾಸ್ಯೆ ಕಳೆದು ಹುಡುಗ ಚೆಕ್ ಪುಸ್ತಕ ಹಿಡಿದು ನಿಂತರೆ, ಮಾರನೆಯ ದಿನದಿಂದ ಅಧಿಕ ಶ್ರಾವಣ! ಅಧಿಕ ಮಾಸದಲ್ಲಿ ದಾನಕ್ಕೆ ಅಪ್ಪ ಹಂಚುತ್ತಾರೆ, ಕಾರು ತರುವುದಿಲ್ಲ. ನಿಜ ಶ್ರಾವಣ ಬರಬೇಕಾದರೆ ಆಗಸ್ಟ್ 17. ಹುಡುಗ ಕುದಿದುಹೋದ. ‘ಅಜ್ಜಿ, ಇಸ್ರೋದವರು ಜುಲೈ 14ಕ್ಕೆ, ಆಷಾಢ ಶುಕ್ರವಾರ, ಚಂದ್ರನಿಗೇ ಗಾಡಿ ಬಿಟ್ಟಿದ್ದಾರೆ. ನಾನು ಬೆಂಗಳೂರಿನಿಂದ ತರಬಾರದಾ?’

ಅಜ್ಜಿ ಆಗ ಉತ್ತರ ಕೊಡಲಿಲ್ಲ. ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದು ನಾವೆಲ್ಲ ಟಿವಿಯ ಮುಂದೆ ಚಪ್ಪಾಳೆ ತಟ್ಟುತ್ತಿದ್ದಾಗ ಕೊಟ್ಟರು: ‘ನೋಡಿದ್ಯಾ? ಬಿಟ್ಟದ್ದು ಆಷಾಢದಲ್ಲಾದರೂ ಇಳಿಸೋಕೆ ನಿಜ ಶ್ರಾವಣದ ತನಕ ಕಾದರು. ಅವರ ಮನೆಯಲ್ಲೂ ಹಿರಿಯರಿದಾರೆ.’

ಅಷ್ಟರಲ್ಲಿ ಕೆಂಪು ಬೆಂಜು ಹೋಗಿಬಿಟ್ಟಿತ್ತು. ಆಷಾಢ, ಅಧಿಕ ಯಾವುದರ ಗೊಡವೆಯೂ ಇಲ್ಲದ ಯಾರೋ ಪುಣ್ಯಾತ್ಮರು ಎತ್ತಿಕೊಂಡು ಹೋಗಿದ್ದರು. ಹಳದಿ ಸ್ಟಾರ್ಮ್ ಮಾತ್ರ, ಮೊದಲ ದಿನ ಹೇಳಿದ ಬೆಲೆಗಿಂತ ಸ್ವಲ್ಪ ಕಡಿಮೆಗೇ, ಕಾಯುತ್ತಿತ್ತು. ಎರಡರಲ್ಲಿ ಒಂದನ್ನು ಆರಿಸುವುದು ಎಂದು ನಾವು ಎರಡು ತಿಂಗಳು ನಡೆಸಿದ ಚರ್ಚೆಯೆಲ್ಲ ಇಷ್ಟಕ್ಕೇ ಬಂತು: ಒಂದನ್ನು ಬೇರೆಯವರು ಆರಿಸಿದರು, ಮಿಕ್ಕದ್ದು ನಮ್ಮದಾಯಿತು.

ವರಮಹಾಲಕ್ಷ್ಮಿ ಹಬ್ಬ ಕಳೆದ ಭಾನುವಾರ ಗಾಡಿ ಮನೆಗೆ ಬಂತು. ಹೂವಿನ ಹಾರ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಪೂಜೆಯೆಲ್ಲ ಆದ ಮೇಲೆ ಕಷ್ಟದ ಪ್ರಶ್ನೆ ಬಂತು. ಮೊದಲು ಯಾರು ಕೂರುವುದು? ಮಾರುತಿಯಾದರೆ ಎಲ್ಲರೂ ಒತ್ತಿಕೊಂಡು ಕೂತು ದೇವಸ್ಥಾನಕ್ಕೆ ಹೋಗಿಬರುತ್ತಿದ್ದೆವು. ಯಾರು ಮೊದಲು ಎಂಬ ಮಾತೇ ಹುಟ್ಟುತ್ತಿರಲಿಲ್ಲ. ಇಲ್ಲಿ ಖಾಲಿಯಿರುವುದು ಒಂದೇ ಸೀಟು. ತಾಯಿ ಹೆಂಡತಿಯ ಕಡೆ ನೋಡಿದಳು, ಹೆಂಡತಿ ತಾಯಿಯ ಕಡೆ. ಹುಡುಗ ಆಕಾಶ ನೋಡಿದ. ಏಳನೆಯ ಸಲಹೆ ಬಂದದ್ದು ಆ ಮೂರು ವರ್ಷದ ಮಗುವಿನಿಂದ: ‘ಮುತ್ತಜ್ಜಿ!’

ಇಬ್ಬರಿಗೂ ಉಸಿರು ಬಂತು. ಅಜ್ಜಿಯನ್ನು ಕೂರಿಸುವುದು ಹೇಗೆ ಎಂದು ನಾವು ಹೆದರಿದ್ದೆವು. ಅವರು ಸೀರೆ ಸರಿಮಾಡಿಕೊಂಡು ಸಲೀಸಾಗಿ ಕೂತುಬಿಟ್ಟರು. ‘ಮಣೆ ಹಾಕಿದ ಹಾಗಿದೆ’ ಎಂದರು. ಜೀವಮಾನವೆಲ್ಲ ಮಣೆಯ ಮೇಲೆ ಕೂತು ಉಂಡವರಿಗೆ ಸ್ಪೋರ್ಟ್ಸ್ ಕಾರಿನ ಸೀಟು ತಗ್ಗಲ್ಲ. ಕುರ್ಚಿಗೆ ಒಗ್ಗಿದ ನಮಗೆ ತಗ್ಗು. ಕೂತವರು ಎರಡು ಕೈಯನ್ನೂ ಮುಂದಿನ ಡ್ಯಾಷ್‌ಬೋರ್ಡಿನ ಮೇಲಿಟ್ಟು, ಗಾಜಿನಾಚೆ ರಸ್ತೆಯನ್ನು ಸುಮ್ಮನೆ ನೋಡುತ್ತ ಹೇಳಿದರು:

‘ಮುಂದಿನ ಸೀಟಲ್ಲಿ ಕೂತದ್ದು ಇವತ್ತೇ ಕಣೋ ನಾನು.’

ಬೀದಿ ಸುಮ್ಮನಾಯಿತು. ಲೆಕ್ಕ ಹಾಕಿದರೆ ನಿಜ. ಎತ್ತಿನಗಾಡಿಯಲ್ಲಿ ಹೆಂಗಸರು ಹಿಂದೆ, ಹುಲ್ಲಿನ ಮೇಲೆ. ಟಾಂಗಾದಲ್ಲಿ ಹಿಂದಕ್ಕೆ ಮುಖಮಾಡಿದ ಹಲಗೆ; ಹೋಗುವ ದಾರಿ ಕಾಣದು, ಕಳೆದ ದಾರಿಯಷ್ಟೇ ಕಾಣುವುದು. ನನ್ನ ತಂದೆಯ ಸೈಕಲ್ಲಿನ ಕ್ಯಾರಿಯರಿನಲ್ಲಿ, ನನ್ನ ಯೆಜ್ಡಿಯಲ್ಲಿ ಒಂದು ಪಕ್ಕಕ್ಕೆ ಕಾಲುಹಾಕಿ. ಅರ್ಧ ಮೈಸೂರನ್ನೇ ಅವರು ನೋಡಿದ್ದು, ಎಡಗಡೆಯದು. ಆ ಎರಡು ಸೀಟಿನ ಯೆಜ್ಡಿಯಲ್ಲಿ ನಾವು ಐದು ಜನ ಹೋದದ್ದುಂಟು. ಆಮೇಲೆ ಐದು ಸೀಟಿನ ಕಾರು ಬಂದಾಗಲೂ ಅಜ್ಜಿಗೆ ಸಿಕ್ಕಿದ್ದು ಹಿಂದಿನ ಸೀಟಿನ ನಡುವೆ, ತೊಡೆಯ ಮೇಲೆ ಫ್ಲಾಸ್ಕು, ಕಾಲ ಬಳಿ ಪುಳಿಯೋಗರೆ ಡಬ್ಬಿ. ನಾವು ಎರಡು ತಿಂಗಳು ‘ಹಿಂದಿನ ಸೀಟೇ ಇಲ್ಲ, ಹಿಂದಿನ ಸೀಟೇ ಇಲ್ಲ’ ಎಂದು ಗೋಳಾಡಿದೆವಲ್ಲ. ಆ ಗೋಳಿನಲ್ಲಿ ಅಜ್ಜಿ ಯಾಕೆ ಸೇರಲಿಲ್ಲ ಎಂದು ನನಗೆ ಆಗ ಹೊಳೆಯಿತು.

ಹುಡುಗ ಗಾಡಿ ಶುರುಮಾಡಿ ಗುರ್ ಎನಿಸಿದ. ಅಜ್ಜಿ ಅವನ ಕೈಮೇಲೆ ತಟ್ಟಿದರು. ‘ನಿಧಾನಕ್ಕೆ ಹೋಗು. ಎಲ್ಲರೂ ನೋಡಲಿ.’ ಗಂಟೆಗೆ ಹದಿನೈದು ಕಿಲೋಮೀಟರಿನ ವೇಗದಲ್ಲಿ ಹಳದಿ ಸ್ಪೋರ್ಟ್ಸ್ ಕಾರು ಬೀದಿಯಲ್ಲಿ ಸಾಗಿತು. ಆ ವೇಗಕ್ಕೆ ಹಂಪು ಕೂಡ ಮೆತ್ತಗಾಯಿತು. ಒಂದು, ಎರಡು ಎಂದು ಎಣಿಸಲು ನಿಂತಿದ್ದ ಮೇಷ್ಟ್ರು ಟೇಪು ಜೇಬಿಗಿಳಿಸಿದರು. ಇಲವಾಲದ ತನಕ ಹೋಗಿ, ಎಳನೀರು ಕುಡಿದು, ಒಂದೂವರೆ ಗಂಟೆಯ ಮೇಲೆ ಬಂದರು. ಕೂರುವಾಗ ಸಲೀಸು, ಏಳುವಾಗ ಮಾತ್ರ ಇಬ್ಬರು ಎತ್ತಬೇಕಾಯಿತು.

ಈಗ ಕಾಲೋನಿಯಲ್ಲಿ ಎಲ್ಲರೂ ‘ನಾನೇ ಹೇಳಿದ್ದು ಹಳದಿ ತಗೋ ಅಂತ’ ಎನ್ನುತ್ತಾರೆ. ಮೈಲೇಜ್ ಕೇಳಿದ ಭಾವನೂ ಅನ್ನುತ್ತಾರೆ, ಬೆಂಜಿಗೆ ಚಪ್ಪಾಳೆ ತಟ್ಟಿದ ಮಕ್ಕಳೂ ಅನ್ನುತ್ತವೆ. ನಿಜವಾಗಿ ಹೇಳಿದವನು ನಾನೊಬ್ಬನೇ, ಅದಕ್ಕೆ ಸಾಕ್ಷಿಯಿಲ್ಲ. ಹುಡುಗನನ್ನು ಕೇಳಿದರೆ, ‘ನನಗೆ ಮೊದಲಿಂದಲೂ ಹಳದೀನೇ ಇಷ್ಟ ಇತ್ತು ಮಾವ’ ಎಂದ. ಅಂಕಪಟ್ಟಿಯಲ್ಲಿ ನಂಬರನ್ನೇ ತಿದ್ದಿದ ಮೇಲೆ ರುಜು ಯಾರದ್ದಾದರೇನು?

ಸಂಜೆಯ ಸವಾರಿಗೆ ಸರದಿಯ ಪಟ್ಟಿಯಾಗಿದೆ. ಅಜ್ಜಿ, ಹೆಂಡತಿ, ತಾಯಿ ಆದ ಮೇಲೆ ನಾಲ್ಕನೆಯದು ನನ್ನದು. ಮೊನ್ನೆ ಕ್ಷೌರ ಮಾಡಿಸಿಕೊಂಡು, ಇದ್ದುದರಲ್ಲಿ ಒಳ್ಳೆಯ ಶರ್ಟು ಹಾಕಿಕೊಂಡು ಹೋದರೆ ಹುಡುಗ ತಲೆ ಕೆರೆದುಕೊಂಡ.

‘ಮಾವ, ನಿಮ್ಮದು ಐದಕ್ಕೆ ಹೋಗಿದೆ. ಅಜ್ಜಿ ಇನ್ನೊಂದು ಸಲ ಬರ್ತಾರಂತೆ.’